ಲೋಹದ ನೆರೆಹೊರೆ

ಬಿದರಿ ಹೂಜಿಯ ಕಪ್ಪು ಯಾರೋ ಬಳಿದ ಬಣ್ಣವಲ್ಲ. ಹೂಜಿಯ ಮೈ ಬಹುಪಾಲು ಸತು, ಜೊತೆಗೆ ಚೂರು ತಾಮ್ರ. ಎರಕ ಹೊಯ್ದು ನಯಗೊಳಿಸಿದ ಮೇಲೆ ಕುಶಲಕರ್ಮಿ ಅದಕ್ಕೆ ಮೈಲುತುತ್ತದ ನೀರು ಸವರುತ್ತಾನೆ. ಸತು ಕರಗಿ ನೀರಿಗಿಳಿಯುತ್ತದೆ, ಅದರ ಜಾಗದಲ್ಲಿ ತಾಮ್ರ ಕಪ್ಪು ಪುಡಿಯಾಗಿ ಕೂರುತ್ತದೆ. ಹೈಸ್ಕೂಲಿನಲ್ಲಿ ಬೀಕರಿನೊಳಗೆ ತೋರಿಸುವ ಸ್ಥಾನಪಲ್ಲಟ ಕ್ರಿಯೆಯೇ ಇದು. ಇಲ್ಲಿ ಅದಕ್ಕಿರುವ ಕೆಲಸ ಕೆತ್ತನೆಯ ಗೆರೆ ಕಣ್ಣಿಗೆ ಕಾಣಿಸುವಂತೆ ಮಾಡುವುದಷ್ಟೆ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ, ತಗಡು ಬಡಿದು ಕೂರಿಸಿ ಉಜ್ಜಿದರೆ ಆ ಕಪ್ಪು ಹೋಗುತ್ತದೆ. ಆಗ ಬೆಳ್ಳಿ ಯಾವುದು, ಸತು ಯಾವುದು ಎಂದು ಹೇಳುವುದು ಕಷ್ಟ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕದಡಿದ ಬಿಸಿನೀರು. ಸತುವಿನ ಮೈ ಕಾಡಿಗೆಯ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ನೋಡಿದವರು ಹೊಗಳುವುದು ಬೆಳ್ಳಿಯನ್ನು. ಆದರೆ ಬೆಳ್ಳಿ ಇಲ್ಲಿ ಏನನ್ನೂ ಮಾಡಿಲ್ಲ, ಸುಮ್ಮನಿದೆ. ಕಪ್ಪಾದದ್ದು ಸತು, ಅದು ಕಪ್ಪಾದದ್ದಕ್ಕೇ ಬೆಳ್ಳಿಯ ಬಿಳುಪು ಕಂಡದ್ದು. ಆ ಬಿಳುಪೂ ಶಾಶ್ವತವಲ್ಲ. ಗಾಳಿಯಲ್ಲಿ ಗಂಧಕದ ಸುಳಿವಿದ್ದರೆ ಸಾಕು, ಕೆಲವು ವರ್ಷಗಳಲ್ಲಿ ಬೆಳ್ಳಿಯೂ ಮಂಕಾಗುತ್ತದೆ.

ಹಾಗಾದರೆ ಲೋಹದ ಗುಣ ಅದರೊಳಗೇ ಇದೆಯೇ? ಪಠ್ಯಪುಸ್ತಕ ಲೋಹಗಳ ಎಲೆಕ್ಟ್ರೋಡ್ ವಿಭವವನ್ನು, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುವ ಒಲವಿನ ಅಳತೆಯನ್ನು, ಸಾಲು ಹಚ್ಚಿ ಕೊಡುತ್ತದೆ; ಅಂಕಿ ಕೆಳಗಿಳಿದಷ್ಟೂ ಆ ಒಲವು ಹೆಚ್ಚು: ಸತುವಿಗೆ ಮೈನಸ್ 0.76 ವೋಲ್ಟ್, ಕಬ್ಬಿಣಕ್ಕೆ ಮೈನಸ್ 0.44, ತಾಮ್ರಕ್ಕೆ ಪ್ಲಸ್ 0.34, ಬೆಳ್ಳಿಗೆ ಪ್ಲಸ್ 0.80. ಅಂಕಿಗಳನ್ನು ನೋಡಿದರೆ ಒಂದೊಂದು ಲೋಹಕ್ಕೂ ಹುಟ್ಟುಗುಣ ಬರೆದಿಟ್ಟಂತಿದೆ. ಆದರೆ ಒಂಟಿ ಲೋಹದ ವೋಲ್ಟೇಜನ್ನು ಯಾವ ಮೀಟರೂ ಅಳೆಯಲಾರದು. ಎರಡು ಬೇಕೇ ಬೇಕು. ಹೈಡ್ರೋಜನ್ನಿಗೆ ಸೊನ್ನೆ ಎಂದು ವಿಜ್ಞಾನಿಗಳು ಒಪ್ಪಿಕೊಂಡಿದ್ದಾರೆ, ಉಳಿದವುಗಳ ಲೆಕ್ಕ ಅಲ್ಲಿಂದ. ನನಗೆ ಈ ಪಟ್ಟಿಯಲ್ಲಿ ಇಷ್ಟವಾದದ್ದು ಆ ಒಪ್ಪಂದದ ಸೊನ್ನೆಯೇ.

ಪಟ್ಟಿಯನ್ನಷ್ಟೇ ನಂಬಿದವರಿಗೆ ಅಲ್ಯುಮಿನಿಯಂ ಒಗಟು. ಅದರ ಅಂಕಿ ಮೈನಸ್ 1.66, ಸತುವಿಗಿಂತ ಎಷ್ಟೋ ಉಗ್ರ. ಆದರೂ ಅನ್ನದ ಪಾತ್ರೆಯಾಗಿ ವರ್ಷಗಟ್ಟಲೆ ಒಲೆಯ ಮೇಲೆ ಕೂರುತ್ತದೆ. ಗಾಳಿ ತಾಗಿದ ಕ್ಷಣವೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಹೊದ್ದುಬಿಡುವುದೇ ಗುಟ್ಟು. ಅದು ಸಾಧುವಲ್ಲ, ಅದರ ಉಗ್ರತೆಯೇ ಅದಕ್ಕೆ ಕವಚ.

ಕಬ್ಬಿಣದ ಪಾಡು ಬೇರೆ. ಸತುವಿನ ಲೇಪ ಇದ್ದರೆ, ಗೀರು ಬಿದ್ದ ಜಾಗದಲ್ಲೂ ಸತುವೇ ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಅದೇ ಕಬ್ಬಿಣವನ್ನು ತಾಮ್ರಕ್ಕೆ ತಾಗಿಸಿ ಒದ್ದೆಯಲ್ಲಿಟ್ಟರೆ ಮಾಮೂಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಕಬ್ಬಿಣ ಬದಲಾಗಿಲ್ಲ, ನೆರೆ ಬದಲಾಗಿದೆ.

ಒಂದು ಲೋಹ ಸವೆದು ನೆರೆಯ ಲೋಹವನ್ನು ಉಳಿಸುವ ಈ ಉಪಾಯವನ್ನು ರಸಾಯನವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಪ್ರಯೋಗಿಸಿದ. ಹಡಗಿನ ತಳಕ್ಕೆ ಹೊದಿಸಿದ ತಾಮ್ರದ ತಗಡು ಉಪ್ಪುನೀರಿನಲ್ಲಿ ಸವೆಯುತ್ತಿತ್ತು. ಅದಕ್ಕೆ ಸತುವಿನ ಇಲ್ಲವೇ ಕಬ್ಬಿಣದ ತುಂಡು ಜೋಡಿಸಿದ, ಸವೆತ ನಿಂತಿತು. ಆದರೆ ತಗಡಿನ ತುಂಬ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡು ಹಡಗು ನಿಧಾನವಾಯಿತು. ನೀರಿಗೆ ಕರಗುತ್ತಿದ್ದ ತಾಮ್ರದ ವಿಷವೇ ಅಷ್ಟು ದಿನ ಅವನ್ನು ದೂರವಿಟ್ಟಿತ್ತು. ನೌಕಾಪಡೆ ಆ ತುಂಡುಗಳನ್ನು ಕೀಳಿಸಿತು, ತಾಮ್ರ ಮತ್ತೆ ಸವೆಯತೊಡಗಿತು.