ಎರಡು ಋಣಗಳು

ಮನುಷ್ಯನು ಋಣಿಯಾಗಿಯೇ ಹುಟ್ಟುವನೆಂದು ವೈದಿಕರ ಮತ. ಅದರಲ್ಲಿ ಋಷಿಋಣವು ಅಧ್ಯಯನದಿಂದಲೂ ಅಧ್ಯಾಪನದಿಂದಲೂ ತೀರತಕ್ಕದ್ದು. ಇಂಗ್ಲೆಂಡಿನಲ್ಲಾದರೋ ವಿದ್ಯೆಗೆ ಹಣದ ಋಣವೂ ಅಂಟಿಕೊಂಡಿರುವುದು. 1998ರಲ್ಲಿ ವರ್ಷಕ್ಕೆ 1,000 ಪೌಂಡುಗಳನ್ನು ಮೀರದಿದ್ದ ವಿಶ್ವವಿದ್ಯಾನಿಲಯದ ಶುಲ್ಕವು 2012ರಲ್ಲಿ 9,000ದವರೆಗೆ ಏರಿತು. 2023ರಲ್ಲಿ ಬಂದ ನಿಯಮದಂತೆ, ಸಾಲ ಪಡೆದು ಓದಿದವನು 25,000 ಪೌಂಡುಗಳಿಗೆ ಮೇಲ್ಪಟ್ಟ ವಾರ್ಷಿಕ ಸಂಪಾದನೆಯಲ್ಲಿ ನೂರಕ್ಕೆ 9ರಂತೆ ತೆರಬೇಕು. 40 ವರ್ಷಗಳ ತರುವಾಯ ಉಳಿದುದು ಮನ್ನಾ.

ಗಣಿತದ ಪದವೀಧರರು ಇಬ್ಬರಿದ್ದಾರೆಂದು ಭಾವಿಸೋಣ. ಬ್ಯಾಂಕನ್ನು ಸೇರಿ ಬಹಳವಾಗಿ ಸಂಪಾದಿಸುವವನು ಬೇಗನೆ ಋಣಮುಕ್ತನಾಗುವನು. ಶಾಲೆಯಲ್ಲಿ ಬೀಜಗಣಿತವನ್ನು ಕಲಿಸುವವನು 33,000 ಪೌಂಡುಗಳ ಸಂಬಳದಲ್ಲಿ ವರ್ಷಕ್ಕೆ 720 ಪೌಂಡುಗಳನ್ನು ತೆರುವನು. ಬಡ್ಡಿಯು ಅದನ್ನು ಮೀರಿದರೆ ತೆತ್ತರೂ ಸಾಲವು ಬೆಳೆಯುವುದು. ಹೀಗಿರಲು, ಪದವಿಯಿಂದ ಲಾಭವಾದುದು ಮೊದಲನೆಯವನಿಗೆ ಮಾತ್ರವೆಂದು ಲೆಕ್ಕಿಗರು ಹೇಳಿಯಾರು.

ಸಾಲಕ್ಕೆ ಮುನ್ನ ಲೆಕ್ಕ ಹಾಕುವುದು ವಿವೇಕವೇ ಸರಿ. ಹೆಚ್ಚು ಸಂಪಾದಿಸುವುದೂ ದೋಷವಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಬ್ಯಾಂಕಿನವನಿಗೆ ಬಾಲ್ಯದಲ್ಲಿ ಎಣಿಕೆಯನ್ನು ಕಲಿಸಿದವನೂ ಇಂತಹ ಉಪಾಧ್ಯಾಯನೇ. ಉಪಾಧ್ಯಾಯನ ಉಳಿದ ಸಾಲವನ್ನು ಪ್ರಜೆಗಳ ತೆರಿಗೆಯು ಹೊರುವುದಾದರೆ ಅದು ಅವನಿಗಿತ್ತ ಭಿಕ್ಷೆಯಲ್ಲ. ಅವನಿಂದ ಕಲಿತವರು ಅವನಿಗೆ ಸಲ್ಲಿಸಬೇಕಾದ ಬಾಕಿ.