ಒಡೆಯದಿರುವ ನಾಳವೂ ಅಪ್ರಮಾದ ಧರ್ಮವೂ

ತನ್ನ ಕೆಲಸವನ್ನು ಇನ್ನೂ ನಿರ್ವಿಘ್ನವಾಗಿ ನಡೆಸುತ್ತಿರುವ ವಸ್ತುವೊಂದನ್ನು, ಅದು ಕೆಟ್ಟಿತೆಂದಲ್ಲ, ಕೆಡಬಹುದೆಂಬ ಕಾರಣಕ್ಕೆ ತೆಗೆದುಹಾಕುವುದು ನ್ಯಾಯವೇ, ನ್ಯಾಯವಾದರೆ ಅದಕ್ಕೆ ತಕ್ಕ ಕಾಲ ಯಾವುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಗ್ಯಾರೇಜಿನದಾಗಿ ಕಂಡರೂ ಧರ್ಮಜಿಜ್ಞಾಸೆಗೆ ಸೇರಿದುದು. ಇರುವುದನ್ನು ಪೋಲುಮಾಡಬೇಡ, ಬೇಡದುದನ್ನು ತಂದುಕೊಳ್ಳಬೇಡ ಎಂದು ಅಪರಿಗ್ರಹವ್ರತವು ನಮ್ಮನ್ನು ತಡೆಯುತ್ತದೆ. ಮೈಮರೆತು ಕೂತಿರಬೇಡವೆಂದು ಅಪ್ರಮಾದದ ಉಪದೇಶವು ಎಬ್ಬಿಸುತ್ತದೆ. ಈ ಎರಡನೆಯದಕ್ಕೆ ನಮ್ಮ ಹಿರಿಯರು ಕೊಟ್ಟಿದ್ದ ಸ್ಥಾನ ಸಾಮಾನ್ಯವಾದುದಲ್ಲ: ಧಮ್ಮಪದದ ಎರಡನೆಯ ವರ್ಗವೇ ಅದಕ್ಕೆ ಮೀಸಲು, ಮಹಾವೀರನು ತನ್ನ ಪ್ರಿಯಶಿಷ್ಯ ಗೌತಮನಿಗೆ ಕ್ಷಣಮಾತ್ರವೂ ಪ್ರಮಾದ ಕೂಡದೆಂದು ಮತ್ತೆ ಮತ್ತೆ ಬೋಧಿಸುವುದನ್ನು ಉತ್ತರಾಧ್ಯಯನ ಸೂತ್ರದಲ್ಲಿ ಕಾಣುತ್ತೇವೆ. ಈ ಎರಡು ಧರ್ಮಗಳು ಇದಿರುಬದಿರಾಗಿ ನಿಲ್ಲುವ ಎಡೆಯೊಂದು ಮೋಟಾರು ವಾಹನದಲ್ಲಿ ಉಂಟು. ಅದು ರೇಡಿಯೇಟರಿನ ಹೋಸ್ ಪೈಪು. ಟಯರು ತನ್ನ ಸವೆತವನ್ನು ಕಣ್ಣಿಗೆ ತೋರಿಸುತ್ತದೆ, ಬ್ರೇಕು ಕಿರುಚಿ ತಿಳಿಸುತ್ತದೆ. ಈ ರಬ್ಬರು ನಾಳವಾದರೋ ಅನೇಕವೇಳೆ ಒಳಗಿನಿಂದ ಜೀರ್ಣವಾಗುತ್ತದೆ.

ಅದರ ಬಾಳನ್ನು ಸ್ವಲ್ಪ ವಿಚಾರಿಸೋಣ. ಬಹುಪಾಲು ವಾಹನಗಳಲ್ಲಿ ಎಂಜಿನ್ನಿನ ಬೇಗೆಯನ್ನು ಹೊತ್ತ ದ್ರವವು ಮೇಲಿನ ನಾಳದಿಂದ ರೇಡಿಯೇಟರಿಗೆ ಬಂದು, ಅಲ್ಲಿ ತಣಿದು, ಕೆಳಗಿನ ನಾಳದಿಂದ ಪಂಪಿಗೆ ಮರಳುತ್ತದೆ. ಸಮಸಮವಾಗಿ ನೀರೂ ಎಥಿಲೀನ್ ಗ್ಲೈಕಾಲೂ ಬೆರೆತ ಆ ಕೂಲೆಂಟನ್ನು ರೇಡಿಯೇಟರಿನ ಮುಚ್ಚಳವು ಸುಮಾರು 1 ಬಾರ್ ಒತ್ತಡದಲ್ಲಿ ಹಿಡಿದಿಡುವುದರಿಂದ, 120 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಅದು ಕುದಿಯದೆ ನಿಲ್ಲುತ್ತದೆ. ಇಷ್ಟು ತಾಪವನ್ನೂ ಒತ್ತಡವನ್ನೂ ತಡೆಯುವುದಕ್ಕಾಗಿ ನಾಳದ ಗೋಡೆಯನ್ನು ಎರಡು ಪದರ ರಬ್ಬರಿನ ನಡುವೆ ನೂಲಿನ ಹೆಣಿಗೆಯನ್ನಿಟ್ಟು ಮಾಡಿರುತ್ತಾರೆ. ಈಗಿನ ವಾಹನಗಳಲ್ಲಿ ಆ ರಬ್ಬರು ಸಾಮಾನ್ಯವಾಗಿ ಇಪಿಡಿಎಂ ಎಂಬ ಜಾತಿಯದು. ತಾಪಕ್ಕೆ ಗಟ್ಟಿ, ಎಣ್ಣೆ ತಗುಲಿದರೆ ಮಾತ್ರ ಊದಿ ಮೆತ್ತಗಾಗುತ್ತದೆ. ಇಷ್ಟೆಲ್ಲ ರಕ್ಷಣೆಯಿದ್ದರೂ ಅದರ ಕೇಡು ಬರುವುದು ಅನಿರೀಕ್ಷಿತವಾದ ದಾರಿಯಿಂದ. ಎಂಜಿನ್ನಿನ ಲೋಹ, ರೇಡಿಯೇಟರಿನ ಲೋಹ, ಇವೆರಡರ ನಡುವೆ ಹರಿಯುವ ದ್ರವ, ಇವು ಕೂಡಿ ಒಂದು ಕ್ಷೀಣವಾದ ವಿದ್ಯುತ್ಕೋಶದಂತೆ ವರ್ತಿಸುತ್ತವೆ. ಆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ನಾಳದ ಒಳಮೈಯಲ್ಲಿ, ವಿಶೇಷವಾಗಿ ಕ್ಲಾಂಪು ಬಿಗಿದಿರುವ ತುದಿಗಳ ಸಮೀಪದಲ್ಲಿ, ಕೂದಲೆಳೆಯಂಥ ಬಿರುಕುಗಳು ಉದ್ದುದ್ದಕ್ಕೆ ಹುಟ್ಟಿಕೊಂಡು, ದ್ರವವು ಅವುಗಳ ಮೂಲಕ ನೂಲಿನ ಹೆಣಿಗೆಯನ್ನು ಸೇರಿ ಅದನ್ನು ದುರ್ಬಲಗೊಳಿಸುತ್ತದೆ. ಹೊರಮೈ ಅಷ್ಟರಲ್ಲಿಯೂ ಕಪ್ಪಗೆ ನುಣ್ಣಗೆ ಹೊಳೆಯುತ್ತಲೇ ಇರಬಹುದು.

ಹಾಗಾದರೆ ತಿಳಿಯುವ ಬಗೆ ಯಾವುದು? ನಮ್ಮ ತಾರ್ಕಿಕರು ಪ್ರಮಾಣಗಳೆಂದು ಎಣಿಸಿದವುಗಳಲ್ಲಿ ಮೊದಲನೆಯದಾದ ಪ್ರತ್ಯಕ್ಷಕ್ಕೆ ಇಲ್ಲಿ ಕಣ್ಣಿಗಿಂತ ಕೈಯೇ ಉತ್ತಮ ಸಾಧನ. ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಬಾನೆಟ್ಟನ್ನೆತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ನಾಳವನ್ನು ಮೊದಲು ನಡುಭಾಗದಲ್ಲಿಯೂ ಆಮೇಲೆ ಕ್ಲಾಂಪಿನ ಪಕ್ಕದಲ್ಲಿಯೂ ಹಿಸುಕಿ ನೋಡಬೇಕು. ನಡುವೆ ಪುಟಿಯುವ ರಬ್ಬರು ತುದಿಯಲ್ಲಿ ಮೆತ್ತಗೆ ಕುಸಿದರೆ, ಅಥವಾ ಬೆರಳಿಗೆ ಒಳಗೊಂದು ಗೀರು ಬಿಟ್ಟಂತೆ ಭಾಸವಾದರೆ, ಸಂದೇಹಕ್ಕೆ ಎಡೆಯಿಲ್ಲ. ಆದರೆ ಬೆರಳಿಗೆ ಏನೂ ತಿಳಿಯದಿದ್ದಾಗ ಅನುಮಾನವನ್ನು ಆಶ್ರಯಿಸಬೇಕಾಗುತ್ತದೆ: ಇದು ಹಳೆಯದು, ಹಳೆಯವು ಒಡೆಯುತ್ತವೆ, ಆದುದರಿಂದ ಇದೂ ಒಡೆದೀತು. ಈ ಅನುಮಾನಕ್ಕೆ ಹೊಗೆಗೂ ಬೆಂಕಿಗೂ ಇರುವಂಥ ಅವ್ಯಭಿಚಾರಿಯಾದ ವ್ಯಾಪ್ತಿ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಬದಲಿಸತಕ್ಕದ್ದೆಂದು ನಾಳದ ತಯಾರಕರಲ್ಲಿ ಕೆಲವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದು ಆಪ್ತವಾಕ್ಯವೆಂದು ಒಪ್ಪಿದರೂ, ಹತ್ತು ವರ್ಷ ಬಾಳಿದ ನಾಳಗಳೂ ಉಂಟು. ‘ಹಳೆಯದಾದ ಮಾತ್ರಕ್ಕೆ ಒಡೆಯಲೇಬೇಕೆಂದೇನು?’ ಎಂದು ಕೇಳುವವನನ್ನು ಶುದ್ಧ ತರ್ಕದಿಂದ ಬಾಯಿಮುಚ್ಚಿಸುವುದು ಸುಲಭವಲ್ಲ.

ಅವನಿಗೆ ಉತ್ತರವನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಉದಯನಾಚಾರ್ಯರು ತಮ್ಮ ನ್ಯಾಯಕುಸುಮಾಂಜಲಿಯಲ್ಲಿ ಸಿದ್ಧಪಡಿಸಿಟ್ಟಿದ್ದಾರೆಂದು ನನ್ನ ನಂಬಿಕೆ. ಯಾವ ಅನುಮಾನವನ್ನೇ ಆಗಲಿ ಶಂಕಿಸಬಹುದೆಂಬ ಚಾರ್ವಾಕನ ಆಕ್ಷೇಪಕ್ಕೆ ಅವರ ಸಮಾಧಾನದ ತಾತ್ಪರ್ಯವೇನೆಂದರೆ, ಶಂಕೆಗೂ ಒಂದು ಎಲ್ಲೆಯಿದೆ, ಆ ಎಲ್ಲೆ ಶಂಕಿಸುವವನ ಸ್ವಂತ ನಡತೆ. ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕಿಕೊಂಡು ಹೋಗುವವನು ಅವೆರಡರ ಸಂಬಂಧವನ್ನು ಸಂದೇಹಿಸುತ್ತೇನೆಂದರೆ ಅದು ಬರಿಯ ಮಾತು. ಇದನ್ನು ನಮ್ಮ ಘಟ್ಟದ ದಾರಿಗೆ ಅನ್ವಯಿಸಿ ನೋಡಬಹುದು. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿಯನ್ನು ಏರುವಾಗ, ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವ ಕಾರಿಗೆ ದುಡಿಮೆ ಹೆಚ್ಚು, ಗಾಳಿ ಕಡಿಮೆ. ಎಂಜಿನ್ನು ಹೀಟ್ ಆಗುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಸಂದರ್ಭವಿಲ್ಲ. ‘ನಾಳ ಇನ್ನೂ ಚೆನ್ನಾಗಿದೆ’ ಎನ್ನುವ ಯಜಮಾನನು ಆ ದಾರಿಗೆ ಹೊರಡುವ ಮುನ್ನ ಡಿಕ್ಕಿಯಲ್ಲಿ ನೀರಿನ ಕ್ಯಾನೊಂದನ್ನು ಇಟ್ಟುಕೊಳ್ಳುತ್ತಾನೆ, ತಿರುವುತಿರುವಿಗೂ ಉಷ್ಣತೆಯ ಮುಳ್ಳನ್ನು ನೋಡುತ್ತಾನೆ, ಏರಿನಲ್ಲಿ ಏಸಿಯನ್ನು ಆರಿಸುತ್ತಾನೆ. ಇವೆಲ್ಲ ವಿವೇಕದ ಕೆಲಸಗಳೇ ಸರಿ. ಆದರೆ ಆ ನಾಳದ ಭಯದಿಂದಲೇ ಇವನ್ನು ಮಾಡತೊಡಗಿದನೆಂದರೆ ಅವನ ಮನಸ್ಸು ತೀರ್ಪನ್ನು ಆಗಲೇ ಕೊಟ್ಟಿದೆ, ನಾಲಗೆ ಮಾತ್ರ ಒಪ್ಪಿಲ್ಲ. ಬದಲಿಸುವ ಕಾಲವೆಂದರೆ ಇದೇ: ನಾಳವು ಒಡೆದ ದಿನವಲ್ಲ, ಒಡೆಯುವುದು ಸಿದ್ಧಾಂತವಾದ ದಿನವೂ ಅಲ್ಲ, ಅದರ ಮೇಲಿನ ನಮ್ಮ ನಂಬಿಕೆ ನಡತೆಯಲ್ಲಿ ಸುಳ್ಳಾದ ದಿನ.

‘ಆಗುವುದು ಆಗಿಯೇ ತೀರುತ್ತದೆ, ಅದಕ್ಕೇಕೆ ಇಷ್ಟು ಚಿಂತೆ’ ಎಂಬ ಇನ್ನೊಂದು ಪಕ್ಷವುಂಟು. ಅದನ್ನು ವೈರಾಗ್ಯವೆಂದು ಮನ್ನಿಸುವುದು ನನಗೆ ಸಾಧ್ಯವಿಲ್ಲ. ನಾಳ ಸಿಡಿದೊಡನೆ ಒತ್ತಡ ಇಳಿದು, ಅದುವರೆಗೆ ತಡೆಹಿಡಿದಿದ್ದ ದ್ರವವು ಒಮ್ಮೆಗೇ ಕುದಿದು ಆವಿಯಾಗುತ್ತದೆ. ದ್ರವವೇ ಬರಿದಾದ ಮೇಲೆ ಸೆನ್ಸರು ನಿಜವಾದ ತಾಪವನ್ನು ತಿಳಿಸದೆ ಮುಳ್ಳು ಸುಳ್ಳು ಹೇಳಬಹುದು. ಹಾಗೆಯೇ ಓಡಿಸಿದರೆ ಅಲ್ಯೂಮಿನಿಯಮ್ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಹೋಗುತ್ತದೆ. ಈ ನಷ್ಟವನ್ನು ತನ್ನದೆಂದು ನುಂಗಿಕೊಳ್ಳುವ ಧೀರನು ಇದ್ದಾನು. ಆದರೆ ಹಿಂದಿನ ಸೀಟಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೊರಟಿರುವ ವೃದ್ಧೆಯಿರಬಹುದು. ತಿರುವಿನಲ್ಲಿ ನಿಂತುಹೋದ ಕಾರಿನ ಬೆನ್ನಿಗೆ ಮಳೆಯ ಮಬ್ಬಿನಲ್ಲಿ ಬಸ್ಸೊಂದು ಬರುತ್ತಿರಬಹುದು. ಗಾಬರಿಯಲ್ಲಿ ಬಿಸಿ ಮುಚ್ಚಳವನ್ನು ತಿರುವಿ ಮುಖ ಸುಟ್ಟುಕೊಳ್ಳುವವನು ಸಂಬಳದ ಚಾಲಕನಾಗಿರಬಹುದು. ತನ್ನ ಪಾಲಿನ ದುಃಖವನ್ನು ತಿರಸ್ಕರಿಸುವ ಅಧಿಕಾರ ಮನುಷ್ಯನಿಗುಂಟು. ಪರರ ಪಾಲಿನದನ್ನು ತಿರಸ್ಕರಿಸುವ ಅಧಿಕಾರವನ್ನು ಯಾವ ಶಾಸ್ತ್ರವೂ ಅವನಿಗೆ ಕೊಟ್ಟಿಲ್ಲ. ಇನ್ನೂ ಬಾರದ ದುಃಖವೇ ಪರಿಹರಿಸತಕ್ಕದ್ದೆಂದು ಪತಂಜಲಿಯ ಅಭಿಪ್ರಾಯ. ಬಂದುದನ್ನು ಅನುಭವಿಸುವುದಲ್ಲದೆ ಬೇರೆ ಗತಿಯಿಲ್ಲವಷ್ಟೆ.

ಅಪರಿಗ್ರಹದ ಆಕ್ಷೇಪಕ್ಕೆ ಇಷ್ಟರಿಂದಲೇ ಬಹುಮಟ್ಟಿಗೆ ಉತ್ತರ ದೊರೆಯಿತು. ಒಂದು ನಾಳವನ್ನು ಉಳಿಸಹೋಗಿ ಎಂಜಿನ್ನನ್ನೇ ಕಳೆಯುವುದು ಮಿತವ್ಯಯವಲ್ಲ. ಆದರೂ ಪೋಲಾಗದಂತೆ ಮಾಡುವ ಕ್ರಮವೊಂದಿದೆ: ಕೂಲೆಂಟನ್ನು ಅವಧಿಗೆ ತಕ್ಕಂತೆ ಹೇಗೂ ಬದಲಿಸಬೇಕು, ನಾಳದ ವಯಸ್ಸು ಆ ಹೊತ್ತಿಗೆ ಸಮೀಪಿಸಿದ್ದರೆ ಎರಡನ್ನೂ ಒಟ್ಟಿಗೇ ಮುಗಿಸಿ, ಮೇಲಿನದರ ಜೊತೆಗೆ ಕೆಳಗಿನದನ್ನೂ, ಸಡಿಲವಾದ ಕ್ಲಾಂಪುಗಳನ್ನೂ ತೆಗೆಸಿಬಿಡುವುದು.

ಆಗ ಇಳಿಸಿದ ದ್ರವದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ನಡೆಯುತ್ತಿರುವ ಅನಾಚಾರ ನನ್ನನ್ನು ನೋಯಿಸುತ್ತದೆ. ಅದನ್ನು ರಸ್ತೆಬದಿಯ ಚರಂಡಿಗೆ ಹರಿಯಬಿಡುವವರು ಹಲವರು. ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಗುಣದಲ್ಲಿ ವಿಷ. ನೆಲದ ಮೇಲೆ ನಿಂತ ಅದನ್ನು ಬೀದಿಯ ನಾಯಿಯೋ ದನವೋ ನೆಕ್ಕಿದರೆ ಮೂತ್ರಪಿಂಡಗಳು ನಾಶವಾಗಿ ಪ್ರಾಣ ಹೋಗುತ್ತದೆ. ಪ್ರಯಾಣಿಕರ ಕ್ಷೇಮಕ್ಕಾಗಿ ನಾಳವನ್ನು ಬದಲಿಸಿದವನು ಅದರ ಕೆಳಗೆ ಅಗಲವಾದ ಬೋಗುಣಿಯೊಂದನ್ನು ಇಡಿಸಿ, ತುಂಬಿದ ದ್ರವವನ್ನು ಮುಚ್ಚಳವಿರುವ ಡಬ್ಬಿಗೆ ಸುರಿಸಿ, ತ್ಯಾಜ್ಯವನ್ನು ಕ್ರಮವಾಗಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಒಪ್ಪಿಸುವ ತನಕ ಅವನ ಕೆಲಸ ಮುಗಿದಿಲ್ಲ.