ಅವಶ್ಯಕತೆಯೂ ಆಸೆಯೂ: ಹೆಡ್‌ಫೋನಿನ ಒಂದು ಜಿಜ್ಞಾಸೆ

ಆಸೆಗೆ ಅವಶ್ಯಕತೆಯೆಂದು ಹೆಸರಿಡುವುದು ಮನುಷ್ಯನ ಹಳೆಯ ರೂಢಿ. ಅನ್ನ, ಅರಿವೆ, ಮನೆಗಳ ವಿಷಯದಲ್ಲಿ ಇವೆರಡರ ಎಲ್ಲೆಯನ್ನು ಗುರುತಿಸುವುದು ಕಠಿಣವೇ ಸರಿ. ಎಷ್ಟಾದರೆ ಸಾಕೆಂದು ಅಳೆಯುವ ಕೋಲು ಯಾರ ಕೈಯಲ್ಲಿಯೂ ಇಲ್ಲ. ಆದರೆ ಒಂದು ಚಿಕ್ಕ ವಿಷಯದಲ್ಲಿ ಅಂತಹ ಕೋಲು ದೊರೆಯುವುದು. ಬೆಲೆಯುಳ್ಳ ಹೆಡ್‌ಫೋನನ್ನು ಕೊಂಡವನಿಗೆ ಅದರ ಜೊತೆಗೆ ಬೇರೊಂದು ಆಂಪ್ಲಿಫೈಯರೂ ಬೇಕೇ ಎಂಬುದೇ ಆ ವಿಷಯ. ಇದು ಅಂಗಡಿಯ ಮಾತೆಂದು ತಳ್ಳಿಹಾಕುವವರುಂಟು. ಆದರೆ ಅಳತೆಯಿದ್ದೂ ಅಳೆಯದೆ ನಿರ್ಣಯಿಸುವ ಮನಸ್ಸಿನ ಸ್ವಭಾವವು ಇಲ್ಲಿ ತೋರುವಷ್ಟು ನಿಚ್ಚಳವಾಗಿ ಬೇರೆಡೆಯಲ್ಲಿ ತೋರಲಾರದು.

ಮಲಪ್ರಭೆಯ ದಂಡೆಯ ಮೇಲಿನ ಎಂ.ಕೆ. ಹುಬ್ಬಳ್ಳಿಯು ಬೆಳಗಾವಿ ಧಾರವಾಡಗಳ ನಡುವಣ ಹೆದ್ದಾರಿಯಲ್ಲಿರುವ ಊರು, ಕಬ್ಬಿನ ಸೀಮೆ. ಸಂಗೀತವು ಈ ಸೀಮೆಗೆ ಪರಕೀಯವಲ್ಲ. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿಯು ಬೆಳಗಾವಿಯ ಹತ್ತಿರದ್ದು. ಮಲ್ಲಿಕಾರ್ಜುನ ಮನಸೂರರ ಮನಸೂರು ಧಾರವಾಡದ ಹತ್ತಿರದ್ದು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿಯು ಆರಂಭವಾದ ಮೇಲಂತೂ ಈ ಗಾಯನವು ಅಡುಗೆಮನೆಯವರೆಗೂ ಬಂದಿತು. ಇಂತಹ ಊರಿನ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನು ಧರಿಸಿ ತಾಸೆರಡು ತಾಸು ಖಯಾಲು ಕೇಳುವುದೊಂದೇ ಆತನ ಭೋಗ. ಈಗ ಆತನಿಗೆ ಆಂಪ್ಲಿಫೈಯರಿನ ಯೋಚನೆ ಹತ್ತಿದೆ. ಅದರ ಬೆಲೆಯೋ, ಹೆಡ್‌ಫೋನಿನಷ್ಟೇ. ಕಬ್ಬಿನ ಬಿಲ್ಲು ಬಂದಿರುವ ಸಮಯವನ್ನು ನೋಡಿ ಮಾತು ತೆಗೆದಾಗ ಮಡದಿಯು ಕೇಳುವಳು: “ಇದು ಬೇಕ ಬೇಕೇನ್ರಿ, ಇಲ್ಲಾ ನಿಮಗ ಮನಸಾಗೇತೇನ್ರಿ?” ತತ್ತ್ವಶಾಸ್ತ್ರದ ಗ್ರಂಥಗಳು ಹಲವು ಪುಟಗಳಲ್ಲಿ ಹೇಳುವುದನ್ನು ಆಕೆ ಒಂದೇ ಮಾತಿನಲ್ಲಿ ಕೇಳಿರುವಳು. “ಬೇಕೇ ಬೇಕು” ಎಂದು ಆತನು ಉತ್ತರ ಕೊಟ್ಟನೆಂದರೆ ಅದು ನಿಜವೋ ಸುಳ್ಳೋ ಎಂಬುದನ್ನು ಪರೀಕ್ಷಿಸಲು ಸಾಧ್ಯವಿದೆ.

ಪರೀಕ್ಷೆಗೆ ಎರಡು ಸಂಖ್ಯೆಗಳು ಬೇಕು. ಹೆಡ್‌ಫೋನು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮುಗಳಲ್ಲಿ ಹೇಳುವರು. 1 ಮಿಲಿವ್ಯಾಟ್ ಶಕ್ತಿಗೆ ಅದು ಕೊಡುವ ಸದ್ದನ್ನು ಡೆಸಿಬೆಲ್ಲುಗಳಲ್ಲಿ ಹೇಳುವರು. ಸದ್ದು 10 ಡೆಸಿಬೆಲ್ ಏರಬೇಕಾದರೆ ಶಕ್ತಿಯು ಹತ್ತುಪಟ್ಟು ಆಗಬೇಕು. ಬೇಯರ್‌ಡೈನಮಿಕ್ ಕಂಪನಿಯ ಡಿಟಿ 880 ಎಂಬುದರಲ್ಲಿ 32 ಓಮಿನದೂ 600 ಓಮಿನದೂ ಉಂಟು. 600 ಓಮಿನದಕ್ಕೆ 1 ಮಿಲಿವ್ಯಾಟಿಗೆ 96 ಡೆಸಿಬೆಲ್. ಫೋನಿನಿಂದ ದೊರೆಯುವ 1 ವೋಲ್ಟಿನ ಸುಮಾರಿನಲ್ಲಿ ಇದು 98 ಡೆಸಿಬೆಲ್ಲಿನವರೆಗೆ ನುಡಿಯುವುದು. 110ರ ಶಿಖರವನ್ನು ಮುಟ್ಟಲು ಹೆಚ್ಚುಕಡಿಮೆ 4 ವೋಲ್ಟು ಬೇಕು. ಅದೇ ಹೆಡ್‌ಫೋನಿನ 32 ಓಮಿನ ರೂಪಕ್ಕೆ 1 ವೋಲ್ಟೇ ಧಾರಾಳವಾಯಿತು. ಓಮು ಹೆಚ್ಚಿದ್ದರೆ ಮಾತ್ರ ಆಂಪ್ಲಿಫೈಯರೆಂದು ತಿಳಿಯುವುದೂ ತಪ್ಪೇ. ಹೈಫೈಮನ್ ಎಚ್‌ಇ-6 ಕೇವಲ 50 ಓಮಿನದು. ಆದರೆ ಅದರ ಸೂಕ್ಷ್ಮತೆ 83.5 ಡೆಸಿಬೆಲ್ ಮಾತ್ರವಾದುದರಿಂದ ಆ 110ಕ್ಕೆ 450 ಮಿಲಿವ್ಯಾಟಿನಷ್ಟು ಶಕ್ತಿ ಬೇಕಾಗುವುದು. ಇಂತಹದನ್ನು ಹೊಂದಿದವನು ಬೇಕೆಂದರೆ ಅದು ಸತ್ಯವಾದ ಮಾತು. ಅವನನ್ನು ವಿಲಾಸಿಯೆಂದು ಹಳಿಯುವುದು ಅನ್ಯಾಯ.

ಆದರೆ 110 ಡೆಸಿಬೆಲ್ ಯಾರಿಗೆ ಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹಾಕಿಕೊಟ್ಟ ಮಿತಿಯು ವಾರಕ್ಕೆ 40 ತಾಸು, 80 ಡೆಸಿಬೆಲ್ಲಿನದು. ನಿಶ್ಶಬ್ದವಾದ ಮನೆಯಲ್ಲಿ 70ರ ಆಸುಪಾಸಿನಲ್ಲಿ ಆಲಾಪವನ್ನು ಕೇಳುವವನಿಗೆ ತಬಲದ ಹೊಡೆತವು 20 ಮೇಲಕ್ಕೆ ಜಿಗಿದರೂ 90 ಆಯಿತು. ಎಂದರೆ ಆ 600 ಓಮಿನದಕ್ಕೂ ಫೋನು ಸಾಲುವುದು! ಸಾಲದೆಂಬುವನು ಮೊದಲು ತನ್ನ ಕಿವಿಯ ಗತಿಯನ್ನು ವಿಚಾರಿಸಿಕೊಳ್ಳಲಿ. ಹೆದ್ದಾರಿಯ ಲಾರಿಗಳ ಸದ್ದನ್ನು ಮುಳುಗಿಸುವುದಕ್ಕಾಗಿ ಸ್ವರವನ್ನು ಏರಿಸುವವನಿಗೆ ಬೇಕಾದುದು ಕಿಟಕಿಯ ಬಾಗಿಲೇ ಹೊರತು ಆಂಪ್ಲಿಫೈಯರಲ್ಲ.

“ಸದ್ದಿನ ಮಾತಲ್ಲ, ಧ್ವನಿಯ ಗುಣದ ಮಾತು” ಎಂದು ರಸಿಕನು ಇಲ್ಲಿ ಪಕ್ಕಕ್ಕೆ ಸರಿಯುವನು. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಸಂಗೀತವನ್ನು ಕೊಡುವ ಯಂತ್ರದ ಒಳತಡೆಯು ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಪಾಲನ್ನು ಮೀರಬಾರದೆಂದು ತಿಳಿದವರು ಹೇಳುವರು. ಮೀರಿದರೆ ಕೆಲವು ಹೆಡ್‌ಫೋನುಗಳಲ್ಲಿ ಮಂದ್ರವು ಉಬ್ಬುವುದು. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠಕ್ಕೆ ಇಲ್ಲದ ಭಾರವೊಂದು ಅಂಟಿಕೊಳ್ಳುವುದು. ಆಗ ಒಳ್ಳೆಯ ಆಂಪ್ಲಿಫೈಯರು ದೋಷವನ್ನು ಕಳೆಯುವುದು ನಿಜ. ಆದರೆ ಇರುವ ಯಂತ್ರದಲ್ಲಿ ದೋಷವೇ ಇಲ್ಲದಿದ್ದರೆ ಕಳೆಯುವುದೇನನ್ನು? ಅಬ್ದುಲ್ ಕರೀಮ್ ಖಾನರು 1905ರ ಸುಮಾರಿಗೆ ಹಾಡಿದ ತಟ್ಟೆಗಳು ಮೈಕಿಲ್ಲದೆ ಕಹಳೆಯ ಮುಂದೆ ಹಾಡಿದವುಗಳು. ವಿದ್ಯುತ್ತಿನ ಮುದ್ರಣವು ಬಂದದ್ದೇ 1925ರಲ್ಲಿ. ಆ ಕಹಳೆಗೆ ಸಿಕ್ಕದ ತಂಬೂರಿಯ ಝೇಂಕಾರವನ್ನು ಇಂದಿನ ಯಾವ ಪೆಟ್ಟಿಗೆಯೂ ಹುಟ್ಟಿಸಿಕೊಡಲಾರದು.

ಮನಸ್ಸಿನ ವಂಚನೆಯು ಇನ್ನೂ ಸೂಕ್ಷ್ಮವಾದುದು. ಎರಡು ಯಂತ್ರಗಳಲ್ಲಿ ಒಂದು ಕೂದಲೆಳೆಯಷ್ಟು ಗಟ್ಟಿಯಾಗಿ ನುಡಿದರೆ ಕಿವಿಯು ಅದನ್ನು ಗಟ್ಟಿಯೆಂದು ತಿಳಿಯದೆ ಮಧುರವೆಂದು ತಿಳಿಯುವುದು. ಕೊಟ್ಟ ಹಣವೂ ಕಿವಿಯೊಳಗೆ ಕುಳಿತು ಹಾಡುವುದು. ಕೇಳುವವನು ಅಪ್ರಾಮಾಣಿಕನಾಗಿ ಹೀಗೆ ಹೇಳುತ್ತಾನೆಂದಲ್ಲ. ಆತನಿಗೆ ಹಾಗೆಯೇ ಕೇಳಿಸುವುದು. ಆದುದರಿಂದಲೇ “ನನಗೆ ಕೇಳಿಸುತ್ತದೆ” ಎಂಬ ಸಾಕ್ಷ್ಯವು ಸತ್ಯವಾದ ಅನುಭವವಾಗಿದ್ದರೂ ಸತ್ಯದ ಪ್ರಮಾಣವಾಗಲಾರದು.

ಹಾಗಾದರೆ ಆಸೆಯೇ ದೋಷವೇ? ಅಲ್ಲ. ದೀಪದಂತೆ ಹೊಳೆಯುವ ವಾಲ್ವುಗಳ ಚೆಲುವನ್ನೂ ಗುಂಡಿಯನ್ನು ತಿರುಗಿಸುವ ಸುಖವನ್ನೂ ಬಯಸಿ ಕೊಳ್ಳುವವನು “ಆಸೆಯಾಗಿದೆ, ಕೊಳ್ಳುತ್ತೇನೆ” ಎಂದರೆ ಮನೆಯವರು ಒಪ್ಪಬಹುದು, ಬೇಡವೆನ್ನಬಹುದು. ಇಬ್ಬರೂ ಒಂದೇ ಮಾತನ್ನು ಕುರಿತು ಆಡುತ್ತಿರುವರು. ಆಸೆಯು ಅವಶ್ಯಕತೆಯ ವೇಷ ಹಾಕಿ ಬಂದಾಗ ಎದುರಿನವರಿಗೆ ಬೇಡವೆನ್ನುವ ಹಕ್ಕೇ ಇಲ್ಲದಂತಾಗುವುದು. ಅವಶ್ಯಕತೆಗೆ ಅಡ್ಡ ಬರುವವರು ಯಾರು? ಮಗಳ ಕಾಲೇಜಿನ ಫೀಯೂ ಅವಶ್ಯಕತೆ, ಇದೂ ಅವಶ್ಯಕತೆ ಎಂದಾದ ಮೇಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುವುದು. ತೂಗುವ ಭಾರವೆಲ್ಲ ಮಡದಿಯ ಮೇಲೆ ಬೀಳುವುದು.

ಎಂ.ಕೆ. ಹುಬ್ಬಳ್ಳಿಯ ಆ ಗೃಹಸ್ಥನಿಗೆ ಒಂದು ದಾರಿಯಿದೆ. ಸ್ನೇಹಿತರಿಂದ ಆಂಪ್ಲಿಫೈಯರನ್ನು ನಾಲ್ಕು ದಿನಗಳ ಮಟ್ಟಿಗೆ ಎರವಲು ತರಲಿ. ಎರಡರ ಸದ್ದನ್ನೂ ಅಳೆದು ಸಮ ಮಾಡಲಿ. ತಾನು ಬೆನ್ನು ತಿರುಗಿಸಿ ಕುಳಿತು, ತಂತಿಯನ್ನು ಮಗಳ ಕೈಗೆ ಕೊಟ್ಟು, ಇಪ್ಪತ್ತು ಸಲ ಅವಳ ಮನಬಂದಂತೆ ಬದಲಿಸಲು ಹೇಳಲಿ. ಯಾವುದು ಯಾವುದೆಂದು ಆತನು ನುಡಿದುದನ್ನು ಮಡದಿಯು ಲೆಕ್ಕದ ವಹಿಯಲ್ಲಿ ಬರೆದುಕೊಳ್ಳಲಿ. ಹತ್ತರ ಆಸುಪಾಸಿನಲ್ಲಿ ಸರಿಯಾದರೆ ಅದು ನಾಣ್ಯ ಹಾರಿಸಿದಂತೆಯೇ ಆಯಿತು. ಹದಿನೆಂಟು ಹತ್ತೊಂಬತ್ತು ಸರಿಯಾದರೆ, ಮರುದಿನ ಬೆಳಗಾವಿಗೆ ಹೋಗುವ ಬಸ್ಸಿನ ವೇಳೆಯನ್ನು ಆಕೆಯೇ ವಿಚಾರಿಸಿದರೂ ವಿಚಾರಿಸಬಹುದು.